ಸಮತಲ ಕಾಂತೀಯ ಹೆಡ್‌ಫೋನ್‌ಗಳು: ನಾದ, ನೆಮ್ಮದಿ ಮತ್ತು ಬೆಲೆ

ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಭಾನುವಾರ ಎರಡು ಪೆಟ್ಟಿಗೆ ಹಿಡಿದುಕೊಂಡು ಮನೆಗೆ ಬಂದ. ಎರಡರಲ್ಲೂ ಹೆಡ್‌ಫೋನ್‌ಗಳು, ಗೆಳೆಯರಿಂದ ಎರಡು ದಿನಕ್ಕೆ ಎರವಲು ತಂದವು. ಒಂದರ ಬೆಲೆ ಇನ್ನೊಂದರ ನಾಲ್ಕು ಪಟ್ಟು. "ಸರ್, ಸಂಗೀತ ಕೇಳುವವರೂ ನೀವೇ, ನಮಗೆ ಭೌತಶಾಸ್ತ್ರ ಹೇಳಿಕೊಟ್ಟವರೂ ನೀವೇ. ಯಾವುದು ತಗೊಳ್ಳಲಿ, ಹೇಳಿಬಿಡಿ" ಎಂದ. ದುಬಾರಿಯದಕ್ಕೆ ಅವನ ಮೂರು ತಿಂಗಳ ಸಂಬಳ ಬೇಕಿತ್ತು.

ನಾನು ಅರ್ಧ ಗಂಟೆ ಕೇಳಿದೆ. ಒಂದನ್ನು ತೆಗೆದು ಇನ್ನೊಂದನ್ನು ಹಾಕಿ, ಮತ್ತೆ ಮೊದಲನೆಯದನ್ನು ಹಾಕಿ, ದುಬಾರಿಯದೇ ಉತ್ತಮ ಎಂದು ತೀರ್ಪು ಕೊಟ್ಟೆ. ತಂಬೂರಿಯ ನಾದ ತುಂಬಿಕೊಂಡಿದೆ, ಹಾಡುವವರು ಎದುರಿಗೆ ಕುಳಿತಂತಿದೆ ಎಂದೆಲ್ಲ ಹೇಳಿದೆ. ಅವನು ಒಪ್ಪಿ ಹೊರಡುವವನಿದ್ದ. ಆಗ ಅವನೇ ಒಂದು ಪ್ರಶ್ನೆ ಕೇಳಿದ: "ಸರ್, ಎರಡಕ್ಕೂ ಗುಂಡಿ ಅದೇ ಜಾಗದಲ್ಲಿತ್ತು. ಎರಡೂ ಒಂದೇ ಜೋರಿನಲ್ಲಿ ಕೇಳುತ್ತಿದ್ದವೆ?" ಅಳೆದು ನೋಡಿದೆವು. ನಾನು ಹೊಗಳಿದ ಹೆಡ್‌ಫೋನ್ ಸುಮಾರು 4 ಡೆಸಿಬೆಲ್‌ನಷ್ಟು ಜೋರಾಗಿತ್ತು. ಎರಡನ್ನೂ ಸಮ ಮಾಡಿ ಮತ್ತೆ ಕೇಳಿದಾಗ ನನ್ನ ತೀರ್ಪಿನಲ್ಲಿ ಹೆಚ್ಚೇನೂ ಉಳಿಯಲಿಲ್ಲ.

ತರಗತಿಯಲ್ಲಿ ಮೂವತ್ತು ವರ್ಷ "ಒಂದು ಅಂಶವನ್ನು ಪರೀಕ್ಷಿಸುವಾಗ ಉಳಿದವನ್ನು ಸ್ಥಿರವಾಗಿಡಬೇಕು" ಎಂದು ಹೇಳಿಕೊಟ್ಟವನು, ಕಿವಿಯ ವಿಷಯ ಬಂದಾಗ ಅದನ್ನು ಮರೆತಿದ್ದೆ. ಈ ಲೇಖನ ಆ ತಪ್ಪಿನಿಂದ ಹುಟ್ಟಿದ್ದು. ದುಬಾರಿ ಸಮತಲ ಕಾಂತೀಯ ಹೆಡ್‌ಫೋನ್‌ಗಳನ್ನು ಹೋಲಿಸುವಾಗ ನಾವು ನಿಜವಾಗಿ ಏನನ್ನು ಹೋಲಿಸುತ್ತಿರುತ್ತೇವೆ, ಅವುಗಳ ಗುಣದಲ್ಲಿ ಭೌತಶಾಸ್ತ್ರ ಎಷ್ಟು, ಜಾಹೀರಾತು ಎಷ್ಟು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ರಚನೆ ಮತ್ತು ಕೆಲಸ

ಸಾಮಾನ್ಯ ಹೆಡ್‌ಫೋನ್‌ನಲ್ಲಿ ಪುಟ್ಟ ತಂತಿಸುರುಳಿಯೊಂದು ಅಯಸ್ಕಾಂತದ ಸಂದಿಯಲ್ಲಿ ತೂಗುತ್ತಿರುತ್ತದೆ. ಅದಕ್ಕೆ ಬಟ್ಟಲಿನಾಕಾರದ ಪೊರೆ ಅಂಟಿಕೊಂಡಿರುತ್ತದೆ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದು ಹಿಂದೆ ಮುಂದೆ ಚಲಿಸಿ ಪೊರೆಯನ್ನು ತಳ್ಳುತ್ತದೆ. ಬಲವೆಲ್ಲ ಸುರುಳಿ ಅಂಟಿದ ಉಂಗುರದ ಮೇಲೆ ಬೀಳುವುದರಿಂದ, ಹೆಚ್ಚಿನ ಆವೃತ್ತಿಗಳಲ್ಲಿ ಪೊರೆಯ ಬೇರೆ ಬೇರೆ ಭಾಗಗಳು ಬೇರೆ ಬೇರೆ ರೀತಿಯಲ್ಲಿ ಕಂಪಿಸತೊಡಗುತ್ತವೆ.

ಸಮತಲ ಕಾಂತೀಯ ಹೆಡ್‌ಫೋನ್‌ನಲ್ಲಿ ಸುರುಳಿಯನ್ನು ಚಪ್ಪಟೆ ಮಾಡಿ ಪೊರೆಯ ಮೇಲೇ ಹಾಸಿರುತ್ತಾರೆ. ಕೆಲವೇ ಮೈಕ್ರೊಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯ ಮೇಲೆ ಅಲ್ಯೂಮಿನಿಯಮ್ ಪಟ್ಟಿಗಳು ಹಾವಿನ ನಡೆಯಂತೆ ಅತ್ತಿತ್ತ ಸಾಗುತ್ತವೆ. ಹಾಳೆಯ ಒಂದು ಬದಿಯಲ್ಲಿ ಅಥವಾ ಎರಡೂ ಬದಿಗಳಲ್ಲಿ ಅಯಸ್ಕಾಂತದ ಕಡ್ಡಿಗಳ ಸಾಲು ಇರುತ್ತದೆ. ಪಟ್ಟಿಯಲ್ಲಿ ಹರಿಯುವ ಪ್ರವಾಹ, ಪಟ್ಟಿಯ ಉದ್ದ, ಕಾಂತಕ್ಷೇತ್ರದ ತೀವ್ರತೆ ಈ ಮೂರರ ಗುಣಲಬ್ಧವೇ ಹಾಳೆಯ ಮೇಲೆ ಬೀಳುವ ಬಲ. ಪ್ರೌಢಶಾಲೆಯಲ್ಲಿ ಫ್ಲೆಮಿಂಗ್‌ನ ಎಡಗೈ ನಿಯಮ ಹೇಳಿಕೊಡುವಾಗ ಬರುವ ಬಲವೇ ಇದು. ವ್ಯತ್ಯಾಸವೆಂದರೆ ಇಲ್ಲಿ ಬಲ ಹಾಳೆಯ ಬಹುಪಾಲು ಹರವಿನ ಮೇಲೆ ಸಮನಾಗಿ ಹಂಚಿಕೆಯಾಗುತ್ತದೆ.

ವಿಚಾರ ಹೊಸದಲ್ಲ. ಜಪಾನಿನ ಯಮಾಹಾ ಸಂಸ್ಥೆ 1976ರಲ್ಲೇ ಎಚ್‌ಪಿ-1 ಎಂಬ ಇಂಥ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಿತ್ತು. ಅದರ ಹೊರರೂಪ ಇಟಲಿಯ ವಿನ್ಯಾಸಕಾರ ಮಾರಿಯೊ ಬೆಲ್ಲಿನಿಯವರದು. ಅದೇ ದೇಶದ ಫೋಸ್ಟೆಕ್ಸ್ ಸಂಸ್ಥೆ ಈ ಬಗೆಯವನ್ನು ದಶಕಗಳ ಕಾಲ ಸಾಧಾರಣ ಬೆಲೆಗೆ ತಯಾರಿಸಿತು. ಇಂದಿನ ದುಬಾರಿ ತಲೆಮಾರು ಬಂದದ್ದು 2009ರ ಆಸುಪಾಸಿನಲ್ಲಿ, ಅಮೆರಿಕದ ಆಡಿಜಿ ಮತ್ತು ಚೀನಾದಲ್ಲಿ ತಯಾರಿಕೆ ನಡೆಸುವ ಹೈಫೈಮ್ಯಾನ್ ಸಂಸ್ಥೆಗಳಿಂದ. ಆಡಿಜಿಯನ್ನು 2023ರಲ್ಲಿ ಸೋನಿ ಸಮೂಹ ಕೊಂಡುಕೊಂಡಿತು.

ನಿಜವಾದ ಮೂರು ಲಾಭಗಳು

ಮೊದಲನೆಯದು ಕಡಿಮೆ ವಿರೂಪಣೆ. ಹಾಳೆಯ ಎರಡೂ ಬದಿಗೆ ಅಯಸ್ಕಾಂತಗಳಿದ್ದಾಗ ಅದು ಮುಂದೆ ಸರಿದರೂ ಹಿಂದೆ ಸರಿದರೂ ಕ್ಷೇತ್ರ ಬಹುಮಟ್ಟಿಗೆ ಒಂದೇ ಬಗೆಯಾಗಿರುತ್ತದೆ. ಹೀಗಾಗಿ ಮಂದ್ರ ಭಾಗದಲ್ಲಿ, ಅಂದರೆ ಪೊರೆ ಹೆಚ್ಚು ದೂರ ಚಲಿಸಬೇಕಾದ ಕಡೆ, ಮೂಲದಲ್ಲಿಲ್ಲದ ಸ್ವರಗಳು ಸೇರಿಕೊಳ್ಳುವುದು ಕಡಿಮೆ.

ಎರಡನೆಯದು, ಕಿವಿಮೆತ್ತೆ ತಲೆಗೆ ಸಂದಿಲ್ಲದಂತೆ ಕೂತರೆ, 20 ಹರ್ಟ್ಸ್‌ವರೆಗೂ ಹೆಚ್ಚು ಇಳಿಯದೆ ಸಾಗುವ ಮಂದ್ರ. ಹಿಂಬದಿ ತೆರೆದಿರುವ ಸುರುಳಿ ಹೆಡ್‌ಫೋನ್‌ಗಳಲ್ಲಿ ಈ ಭಾಗ ಸಾಮಾನ್ಯವಾಗಿ ಇಳಿದುಹೋಗುತ್ತದೆ.

ಮೂರನೆಯದನ್ನು ವಿಮರ್ಶೆಗಳಲ್ಲಿ ಯಾರೂ ಹೆಚ್ಚು ಹೇಳುವುದಿಲ್ಲ. ಭೌತಶಾಸ್ತ್ರದ ವಿದ್ಯಾರ್ಥಿಗೆ ಮಾತ್ರ ಅದೇ ಸ್ವಾರಸ್ಯದ್ದು. ಸುರುಳಿ ಹೆಡ್‌ಫೋನ್‌ನ ಒಟ್ಟು ವಿದ್ಯುತ್ ತಡೆ, ಅಂದರೆ ಇಂಪೀಡೆನ್ಸ್, ಎಲ್ಲ ಆವೃತ್ತಿಗಳಲ್ಲೂ ಒಂದೇ ಆಗಿರುವುದಿಲ್ಲ. 300 ಓಮ್ ಎಂದು ನಮೂದಿಸಿದ ಹೆಡ್‌ಫೋನ್ ತನ್ನ ಅನುರಣನೆಯ ಬಳಿ, ಸುಮಾರು 100 ಹರ್ಟ್ಸ್‌ನಲ್ಲಿ, 500 ಓಮ್ ಮೀರುವುದುಂಟು. ಇದನ್ನು 120 ಓಮ್ ಒಳತಡೆಯಿರುವ ವರ್ಧಕಕ್ಕೆ ಜೋಡಿಸಿದಿರಿ ಎನ್ನಿ. 300 ಓಮ್ ಇರುವ ಕಡೆ ಹೆಡ್‌ಫೋನ್‌ಗೆ ಸಿಗುವ ವೋಲ್ಟೇಜಿನ ಪಾಲು 300/420, ಅಂದರೆ 0.71. 500 ಓಮ್ ಇರುವ ಕಡೆ 500/620, ಅಂದರೆ 0.81. ಸುಮಾರು 1 ಡೆಸಿಬೆಲ್ ಮಂದ್ರ ತಾನಾಗಿ ಹೆಚ್ಚಾಯಿತು. ವರ್ಧಕ ಬದಲಾದರೆ ನಾದವೂ ಬದಲಾಗುತ್ತದೆ. ಸಮತಲ ಹೆಡ್‌ಫೋನ್‌ನ ತಡೆ ಬಹುಮಟ್ಟಿಗೆ ಶುದ್ಧ ರೋಧ. ಎಲ್ಲ ಆವೃತ್ತಿಗಳಲ್ಲೂ ಒಂದೇ. ವರ್ಧಕದ ಒಳತಡೆ ಎಷ್ಟೇ ಇದ್ದರೂ ಒಟ್ಟು ಜೋರು ಕಡಿಮೆಯಾದೀತೇ ಹೊರತು ಸ್ವರಗಳ ನಡುವಿನ ಸಮತೋಲ ಕೆಡುವುದಿಲ್ಲ.

ಇವು ಮೂರೂ ಗಟ್ಟಿ ಲಾಭಗಳು. ಆದರೆ ಜಾಹೀರಾತುಗಳು ಎತ್ತಿ ಹೇಳುವುದು ಇವನ್ನಲ್ಲ.

ಪೊರೆ ತೆಳುವಾದಷ್ಟೂ ಒಳ್ಳೆಯದೆ?

ಅವು ಹೇಳುವುದು ಪೊರೆಯ ತೆಳುತನವನ್ನು. ಹೈಫೈಮ್ಯಾನ್ ತನ್ನ ಮೇಲ್ದರ್ಜೆಯ ಮಾದರಿಗಳ ಪೊರೆ ನ್ಯಾನೊಮೀಟರ್ ಲೆಕ್ಕದ ದಪ್ಪದ್ದು ಎಂದು ಪ್ರಚಾರ ಮಾಡುತ್ತದೆ. ಹಗುರವಾದ ಪೊರೆ ವೇಗವಾಗಿ ಚಲಿಸುತ್ತದೆ, ಆದ್ದರಿಂದ ಸೂಕ್ಷ್ಮ ವಿವರಗಳು ಕೇಳುತ್ತವೆ ಎಂಬುದು ವಾದ. ಒಂದು ಒರಟು ಲೆಕ್ಕ ಹಾಕೋಣ.

4 ಸೆಂಟಿಮೀಟರ್ ತ್ರಿಜ್ಯದ ವೃತ್ತಾಕಾರದ ಪೊರೆ ಎಂದುಕೊಳ್ಳಿ. ವಿಸ್ತೀರ್ಣ ಸುಮಾರು 50 ಚದರ ಸೆಂಟಿಮೀಟರ್. ದಪ್ಪ 10 ಮೈಕ್ರೊಮೀಟರ್, ಪ್ಲಾಸ್ಟಿಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.4 ಗ್ರಾಂ ಆದರೆ ಹಾಳೆಯ ದ್ರವ್ಯರಾಶಿ 0.07 ಗ್ರಾಂ. ಅರ್ಧ ಹರವಿನಷ್ಟು ಅಲ್ಯೂಮಿನಿಯಮ್ ಪಟ್ಟಿ ಅದೇ ದಪ್ಪದಲ್ಲಿದ್ದರೆ ಮತ್ತೊಂದು 0.07 ಗ್ರಾಂ. ಒಟ್ಟು 0.14 ಗ್ರಾಂ.

ಆದರೆ ಪೊರೆ ನಿರ್ವಾತದಲ್ಲಿ ಚಲಿಸುವುದಿಲ್ಲ. ಮುಂದಿನ ಹಿಂದಿನ ಗಾಳಿಯನ್ನೂ ಹೊತ್ತುಕೊಂಡು ಚಲಿಸುತ್ತದೆ. ತೆರೆದ ಜಾಗದಲ್ಲಿ, ಹಲಗೆಯೊಂದರಲ್ಲಿ ಕೂರಿಸಿದ ವೃತ್ತಾಕಾರದ ಕೊಂತಕ್ಕೆ ಅಂಟಿದಂತೆ ಚಲಿಸುವ ಗಾಳಿಯ ದ್ರವ್ಯರಾಶಿ ಪ್ರತಿ ಬದಿಗೆ 8/3 × ಗಾಳಿಯ ಸಾಂದ್ರತೆ × ತ್ರಿಜ್ಯದ ಘನ ಎಂದು ಶಬ್ದಶಾಸ್ತ್ರದ ಪಠ್ಯಗಳು ಹೇಳುತ್ತವೆ. ನಮ್ಮ ಪೊರೆಗೆ ಇದು ಪ್ರತಿ ಬದಿಗೆ ಸುಮಾರು 0.2 ಗ್ರಾಂ, ಎರಡು ಬದಿಗೆ 0.4 ಗ್ರಾಂ. ಪೊರೆಗಿಂತ ಗಾಳಿಯೇ ಭಾರ!

ಈಗ ಪ್ಲಾಸ್ಟಿಕ್ಕನ್ನು ಹತ್ತು ಪಟ್ಟು ತೆಳು ಮಾಡಿ 1 ಮೈಕ್ರೊಮೀಟರಿಗೆ ಇಳಿಸಿ. ಒಟ್ಟು ಭಾರ 0.54 ಗ್ರಾಂನಿಂದ 0.48 ಗ್ರಾಂಗೆ ಇಳಿಯುತ್ತದೆ. ಗಳಿಕೆ ಸುಮಾರು 1 ಡೆಸಿಬೆಲ್. ಹೆಡ್‌ಫೋನ್‌ನ ಬಟ್ಟಲೊಳಗೆ ಗಾಳಿಯ ವರ್ತನೆ ತೆರೆದ ಜಾಗದಂತಿರುವುದಿಲ್ಲ, ಆದ್ದರಿಂದ ಅಂಕಿಗಳು ಹೆಚ್ಚುಕಡಿಮೆ ಆಗಬಹುದು. ಆದರೂ ತಾತ್ಪರ್ಯ ನಿಲ್ಲುತ್ತದೆ: ಒಂದು ಹಂತದ ನಂತರ ಪೊರೆಯನ್ನು ತೆಳು ಮಾಡುವುದು ತಯಾರಿಕೆಯ ಸಾಹಸ, ನಾದದ ಕ್ರಾಂತಿಯಲ್ಲ.

"ವೇಗ" ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕು. 10,000 ಹರ್ಟ್ಸ್ ಸ್ವರವನ್ನು ಸರಿಯಾದ ಮಟ್ಟದಲ್ಲಿ ನುಡಿಸಬಲ್ಲ ಪೊರೆ ಆ ಸ್ವರಕ್ಕೆ ಬೇಕಾದಷ್ಟು ವೇಗವಾಗಿ ಚಲಿಸಿಯೇ ಇರುತ್ತದೆ. ಹೆಡ್‌ಫೋನ್‌ಗಳಲ್ಲಿ ಕಾಲಕ್ಕೆ ತಕ್ಕ ವರ್ತನೆಯೂ ಆವೃತ್ತಿಗೆ ತಕ್ಕ ವರ್ತನೆಯೂ ಬಹುಮಟ್ಟಿಗೆ ಒಂದೇ ನಾಣ್ಯದ ಎರಡು ಮುಖಗಳು. ಒಂದು ಗೊತ್ತಾದರೆ ಇನ್ನೊಂದನ್ನು ಲೆಕ್ಕ ಹಾಕಬಹುದು. ಹಾಗಾಗಿ ಒಂದು ಹೆಡ್‌ಫೋನ್ "ಚುರುಕಾಗಿದೆ" ಎಂದು ಅನ್ನಿಸಿದರೆ ಅದರಲ್ಲಿ ತಾರ ಭಾಗ ಎಷ್ಟು ಎದ್ದಿದೆ, ಮಂದ್ರ ಎಷ್ಟು ಇಳಿದಿದೆ ಎಂಬುದನ್ನು ಮೊದಲು ನೋಡಬೇಕು.

ಐದು ಮಾದರಿಗಳ ನಾದ

ಮೇಲ್ದರ್ಜೆಯ ಐದು ಮಾದರಿಗಳನ್ನು ತೆಗೆದುಕೊಳ್ಳೋಣ. ಕೊಟ್ಟಿರುವ ತೂಕ, ರೋಧ ಮತ್ತು ಸಂವೇದನೆ ತಯಾರಕರದೇ ಅಂಕಿಗಳು. ಬೆಲೆ ಬಿಡುಗಡೆಯ ಸಮಯದ್ದು.

ಆಡಿಜಿ ಎಲ್‌ಸಿಡಿ-ಎಕ್ಸ್ 2013ರದು. ತೂಕ 612 ಗ್ರಾಂ, ರೋಧ 20 ಓಮ್, 1 ಮಿಲಿವ್ಯಾಟ್‌ಗೆ 103 ಡೆಸಿಬೆಲ್. ಮಂದ್ರ ಆಳವಾಗಿದೆ, ಶುದ್ಧವಾಗಿದೆ. ಆದರೆ ಪ್ರಕಟಿತ ಅಳತೆಗಳಲ್ಲಿ 2,000ದಿಂದ 4,000 ಹರ್ಟ್ಸ್ ನಡುವೆ ಹಿಂಜರಿತ ಕಾಣುತ್ತದೆ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದು ಅದೇ ಭಾಗದಲ್ಲಿ. ಹಾಡುಗಾರರ ವ್ಯಂಜನಗಳು, ಪಿಟೀಲಿನ ಕಮಾನಿನ ಉಜ್ಜು ಸ್ವಲ್ಪ ಮಂಕಾಗಿ ಕೇಳುವುದು ಇದರ ಫಲ.

ಅದೇ ಸಂಸ್ಥೆಯ ಎಲ್‌ಸಿಡಿ-5 ಬಂದದ್ದು 2021ರಲ್ಲಿ. ಬೆಲೆ 4,500 ಡಾಲರ್. ತೂಕ 420 ಗ್ರಾಂಗೆ ಇಳಿಯಿತು. ರೋಧ 14 ಓಮ್, ಸಂವೇದನೆ 90 ಡೆಸಿಬೆಲ್. ಹಳೆಯ ಹಿಂಜರಿತವನ್ನು ತಿದ್ದುವ ಭರದಲ್ಲಿ ಮಧ್ಯ ಭಾಗವನ್ನು ಮುಂದಕ್ಕೆ ತಳ್ಳಿದಂತಿದೆ. ಕಂಠ ಬಹಳ ಸ್ಪಷ್ಟ. ದೀರ್ಘಕಾಲ ಕೇಳುವವರಿಗೆ ಅದೇ ಆಯಾಸವೂ ಆಗಬಹುದು.

ಹೈಫೈಮ್ಯಾನ್ ಸುಸ್ವರ 2017ರದು. ಬೆಲೆ 6,000 ಡಾಲರ್, ತೂಕ 450 ಗ್ರಾಂ, ರೋಧ 60 ಓಮ್, ಸಂವೇದನೆ 83 ಡೆಸಿಬೆಲ್. ಹೆಸರು ನಮಗೆ ಪರಿಚಿತವೇ! ನಾದ ಹೆಸರಿಗೆ ಮೋಸ ಮಾಡುವುದಿಲ್ಲ. ತಾರ ಭಾಗ ನಯವಾಗಿದೆ, ಒಟ್ಟು ಸಮತೋಲ ಚೆನ್ನಾಗಿದೆ. 1,000ದಿಂದ 2,000 ಹರ್ಟ್ಸ್ ನಡುವೆ ಈ ಸಂಸ್ಥೆಯ ಅನೇಕ ಮಾದರಿಗಳಲ್ಲಿ ಕಾಣುವ ಸಣ್ಣ ತಗ್ಗು ಇಲ್ಲೂ ಇದೆ. ಈ ತಗ್ಗಿನಿಂದ ಕಂಠ ಒಂದು ಹೆಜ್ಜೆ ಹಿಂದೆ ಸರಿದಂತೆ ಕೇಳುತ್ತದೆ. ವಿಮರ್ಶಕರು "ವಿಶಾಲವಾದ ವೇದಿಕೆ" ಎಂದು ಹೊಗಳುವುದರಲ್ಲಿ ಈ ತಗ್ಗಿನ ಪಾಲೂ ಇದೆ ಎಂಬುದು ನನ್ನ ಅಭಿಪ್ರಾಯ.

ರೊಮೇನಿಯಾದ ಮೆಝೆ ಸಂಸ್ಥೆಯ ಎಂಪೀರಿಯನ್ 2018ರದು. ಬೆಲೆ 2,999 ಡಾಲರ್, ತೂಕ 430 ಗ್ರಾಂ, ರೋಧ 31.6 ಓಮ್, ಸಂವೇದನೆ 100 ಡೆಸಿಬೆಲ್. ಇದರ ನಾದಭಾಗವನ್ನು ರೂಪಿಸಿದ್ದು ಉಕ್ರೇನಿನ ರಿನಾರೊ ಸಂಸ್ಥೆ. ಒಂದೇ ಪೊರೆಯ ಮೇಲೆ ಎರಡು ಆಕಾರದ ಪಟ್ಟಿಗಳಿವೆ: ಒಂದು ಹಾವಿನ ನಡೆಯದು, ಇನ್ನೊಂದು ಕಿವಿರಂಧ್ರಕ್ಕೆ ಎದುರಾಗಿರುವ ಸುರುಳಿಯದು. ನಾದ ಬೆಚ್ಚಗಿದೆ, ಮಂದ್ರ ದಪ್ಪವಾಗಿದೆ. ನಿಷ್ಪಕ್ಷ ನಾದ ಎನ್ನಲಾಗದು.

ಅಮೆರಿಕದ ಡಾನ್ ಕ್ಲಾರ್ಕ್ ಆಡಿಯೊ ಸಂಸ್ಥೆಯ ಸ್ಟೆಲ್ತ್ 2021ರದು. ಬೆಲೆ 4,000 ಡಾಲರ್, ತೂಕ 415 ಗ್ರಾಂ. ಐದರಲ್ಲಿ ಹಿಂಬದಿ ಮುಚ್ಚಿರುವುದು ಇದೊಂದೇ. ಈ ಸಂಸ್ಥೆಯ ಆರಂಭ ಫೋಸ್ಟೆಕ್ಸ್‌ನ ಅಗ್ಗದ ಹೆಡ್‌ಫೋನ್‌ಗಳನ್ನು ಮಾರ್ಪಡಿಸಿ ಮಾರುವುದರಿಂದ ಆಯಿತು ಎಂಬುದು ಗಮನಾರ್ಹ. ಸ್ಟೆಲ್ತ್‌ನಲ್ಲಿ ಪೊರೆ ಮತ್ತು ಕಿವಿಯ ನಡುವೆ ಸಣ್ಣ ಸಣ್ಣ ಕೊಳವೆಗಳಿರುವ ಬಿಲ್ಲೆಯೊಂದಿದೆ. ಬಟ್ಟಲೊಳಗೆ ಏಳುವ ಸ್ಥಾಯೀ ತರಂಗಗಳನ್ನು ಇವು ಹೀರಿಕೊಳ್ಳುತ್ತವೆ. 8,000 ಹರ್ಟ್ಸ್ ಶಬ್ದದ ತರಂಗದೂರ ಸುಮಾರು 4.3 ಸೆಂಟಿಮೀಟರ್, ಒಂದು ಕೊನೆ ಮುಚ್ಚಿದ ಕೊಳವೆ ಅದರ ಕಾಲುಭಾಗ, ಅಂದರೆ 1.1 ಸೆಂಟಿಮೀಟರ್ ಉದ್ದವಿದ್ದರೆ ಆ ಆವೃತ್ತಿಗೆ ಅನುರಣಿಸುತ್ತದೆ. ಪಿಯುಸಿ ಪ್ರಯೋಗಾಲಯದ ಅನುರಣನ ನಳಿಕೆಯ ತತ್ತ್ವವೇ ಇದು. ಅಳತೆಯಲ್ಲಿ ಐದರ ಪೈಕಿ ಅತಿ ಸಮನಾದ ನಾದ ಇದರದೇ. ನನ್ನ ಮಟ್ಟಿಗೆ ಈ ಗುಂಪಿನಲ್ಲಿ ಹಣಕ್ಕೆ ತಕ್ಕ ಹೊಸ ವಿಚಾರ ಕಾಣುವುದು ಇಲ್ಲಿಯೇ. ಅದೂ ಪೊರೆಯಲ್ಲಲ್ಲ, ಪೊರೆಯ ಮುಂದಿನ ಗಾಳಿಯಲ್ಲಿ.

ಇವನ್ನು ಕೇಳಿ ಪರೀಕ್ಷಿಸಲು ನಮ್ಮಲ್ಲೇ ಒಳ್ಳೆಯ ಸಾಧನವಿದೆ: ತಂಬೂರಿ. ಸಿ.ವಿ. ರಾಮನ್ 1921ರಲ್ಲೇ ತಂಬೂರಿ ಮತ್ತು ವೀಣೆಯ ತಂತಿಗಳ ವಿಶೇಷವನ್ನು ವಿವರಿಸಿದ್ದರು. ಬಾಗಿದ ಕುದುರೆಯ ಮೇಲೆ ತಂತಿ ಸವರಿಕೊಂಡು ಕಂಪಿಸುವುದರಿಂದ, ಮೀಟಿದ ಜಾಗದ ಲೆಕ್ಕದಲ್ಲಿ ಬರಬಾರದ ಉಪಸ್ವರಗಳೂ ಬಲವಾಗಿ ಹೊಮ್ಮುತ್ತವೆ. 130 ಹರ್ಟ್ಸ್‌ನ ಷಡ್ಜಕ್ಕೆ ಹತ್ತನೆಯ ಉಪಸ್ವರ 1,300, ಇಪ್ಪತ್ತನೆಯದು 2,600 ಹರ್ಟ್ಸ್. ಅಂದರೆ ಮೇಲೆ ಹೇಳಿದ ತಗ್ಗುಗಳೆಲ್ಲ ಇರುವ ಜಾಗದಲ್ಲೇ ತಂಬೂರಿಯ ಉಪಸ್ವರಗಳು ಏಣಿಯ ಮೆಟ್ಟಿಲಿನಂತೆ ಸಾಲಾಗಿವೆ. ಜೀವಾಳಿಯ ಝೇಂಕಾರ ಎಲ್ಲಿ ಮಂಕಾಗುತ್ತದೆ ಎಂದು ಕಿವಿಗೊಟ್ಟರೆ ಹೆಡ್‌ಫೋನ್‌ನ ತಗ್ಗು ಎಲ್ಲಿದೆ ಎಂದು ತಿಳಿಯುತ್ತದೆ.

ಜೋರಿನ ಮೋಸ

ಈಗ ನನ್ನ ತಪ್ಪಿಗೆ ಬರೋಣ. ಎಲ್‌ಸಿಡಿ-ಎಕ್ಸ್ ಮತ್ತು ಸುಸ್ವರ ಎರಡನ್ನೂ 1 ವೋಲ್ಟ್ ಕೊಡುವ ಫೋನಿಗೆ ಜೋಡಿಸಿ. ಎಲ್‌ಸಿಡಿ-ಎಕ್ಸ್‌ಗೆ ಸಿಗುವ ಸಾಮರ್ಥ್ಯ 1/20 ವ್ಯಾಟ್, ಅಂದರೆ 50 ಮಿಲಿವ್ಯಾಟ್. ಮಟ್ಟ 120 ಡೆಸಿಬೆಲ್. ಸುಸ್ವರಕ್ಕೆ 1/60 ವ್ಯಾಟ್, ಅಂದರೆ ಸುಮಾರು 17 ಮಿಲಿವ್ಯಾಟ್. ಮಟ್ಟ 95 ಡೆಸಿಬೆಲ್. ಗುಂಡಿ ಅದೇ ಜಾಗದಲ್ಲಿ, ವ್ಯತ್ಯಾಸ 25 ಡೆಸಿಬೆಲ್. ಸುಸ್ವರದಲ್ಲಿ 110 ಡೆಸಿಬೆಲ್‌ನ ಕ್ಷಣಿಕ ಶಿಖರಗಳು ಬೇಕೆಂದರೆ ಅರ್ಧ ವ್ಯಾಟ್, ಸುಮಾರು 5.5 ವೋಲ್ಟ್ ಬೇಕು. ಫೋನಿನಿಂದ ಅದು ಸಿಗದು. ಬೇರೆ ವರ್ಧಕವನ್ನು ಕೊಳ್ಳಬೇಕು. 6,000 ಡಾಲರ್ ಕೊಟ್ಟವನ ಮೇಲೆ ವಿನ್ಯಾಸಕಾರ ಇನ್ನೊಂದು ಖರ್ಚು ಹೊರಿಸಿದ್ದಾನೆ. ಇದನ್ನು ಗುಣವೆಂದು ಹೊಗಳುವವರಿದ್ದಾರೆ. ನನಗೆ ಅದು ಕೊರತೆ.

ಇಷ್ಟು ದೊಡ್ಡ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ. ಅಪಾಯವಿರುವುದು ಒಂದರಿಂದ ನಾಲ್ಕು ಡೆಸಿಬೆಲ್‌ಗಳಲ್ಲಿ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಸಮಜೋರಿನ ರೇಖೆಗಳ ಪ್ರಕಾರ, ಶಬ್ದದ ಮಟ್ಟ ಏರಿದಂತೆ ಮಂದ್ರಸ್ವರಗಳು ಕಿವಿಗೆ ಹೆಚ್ಚು ವೇಗವಾಗಿ ಏರುತ್ತವೆ. ಆದ್ದರಿಂದ ಸ್ವಲ್ಪ ಜೋರಾದದ್ದು "ಜೋರಾಗಿದೆ" ಎಂದು ಕೇಳುವುದಿಲ್ಲ. "ತುಂಬಿಕೊಂಡಿದೆ" ಎಂದು ಕೇಳುತ್ತದೆ. ನಾನು ಬಳಸಿದ ಪದ ಅದೇ.

ನೆಮ್ಮದಿಯೂ ಅಳತೆಗೆ ಸಿಗುತ್ತದೆ

ಅಯಸ್ಕಾಂತಗಳ ಸಾಲು ಹೊತ್ತ ಹೆಡ್‌ಫೋನ್ ಹಗುರಾಗುವುದು ಕಷ್ಟ. ಸೆನ್‌ಹೈಸರ್ ಎಚ್‌ಡಿ 600 ಎಂಬ ಪ್ರಸಿದ್ಧ ಸುರುಳಿ ಹೆಡ್‌ಫೋನ್ ತೂಗುವುದು 260 ಗ್ರಾಂ; ಎಲ್‌ಸಿಡಿ-ಎಕ್ಸ್ ಅದರ ಎರಡು ಪಟ್ಟಿಗಿಂತ ಹೆಚ್ಚು. ಆದರೆ ತೂಕವೊಂದೇ ನೆಮ್ಮದಿಯನ್ನು ನಿರ್ಧರಿಸುವುದಿಲ್ಲ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು.

612 ಗ್ರಾಂನ ತೂಕ 6 ನ್ಯೂಟನ್. ಅದೆಲ್ಲ ತಲೆಪಟ್ಟಿಯ 15 ಚದರ ಸೆಂಟಿಮೀಟರ್ ಜಾಗದ ಮೇಲೆ ಬಿದ್ದರೆ ಒತ್ತಡ 4,000 ಪ್ಯಾಸ್ಕಲ್, ಅಂದರೆ 30 ಮಿಲಿಮೀಟರ್ ಪಾದರಸ. ಚರ್ಮದ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡ ಸುಮಾರು 32 ಮಿಲಿಮೀಟರ್ ಎಂದು ವೈದ್ಯಕೀಯ ಪಠ್ಯಗಳಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ಅದರ ಹತ್ತಿರ ಬಂದರೆ ಆ ಜಾಗದಲ್ಲಿ ರಕ್ತಸಂಚಾರಕ್ಕೆ ಅಡ್ಡಿಯಾಗುತ್ತದೆ. ಅರ್ಧ ಗಂಟೆಯಲ್ಲಿ ನೆತ್ತಿ ಬಿಸಿಯಾಗಿ ನೋಯತೊಡಗುವುದು ಇದಕ್ಕೇ ಇರಬೇಕು. ಅದೇ ತೂಕವನ್ನು ಅಗಲವಾದ ತೂಗುಪಟ್ಟಿಯಿಂದ 60 ಚದರ ಸೆಂಟಿಮೀಟರಿಗೆ ಹಂಚಿದರೆ ಒತ್ತಡ 7.5 ಮಿಲಿಮೀಟರಿಗೆ ಇಳಿಯುತ್ತದೆ. ತಲೆ ಹೊರುವ ಹೆಂಗಸರು ಸಿಂಬೆ ಸುತ್ತಿಕೊಳ್ಳುವುದರ ಹಿಂದಿರುವ ಲೆಕ್ಕವೂ ಇದೇ. ವಾಸ್ತವದಲ್ಲಿ ತೂಕದ ಒಂದು ಪಾಲನ್ನು ಕಿವಿಮೆತ್ತೆಗಳ ಹಿಡಿತವೂ ಹೊರುತ್ತದೆ.

ಈ ದೃಷ್ಟಿಯಲ್ಲಿ ಐದರಲ್ಲಿ ಮೊದಲ ಸ್ಥಾನ ಎಂಪೀರಿಯನ್‌ಗೆ. ಕಾರ್ಬನ್ ನಾರಿನ ಕಮಾನಿನ ಕೆಳಗೆ ರೆಕ್ಕೆಯಂತೆ ಹರಡಿದ ಚರ್ಮದ ಪಟ್ಟಿ ಭಾರವನ್ನು ಹಂಚುತ್ತದೆ, ಕಿವಿಮೆತ್ತೆಗಳೂ ದೊಡ್ಡವು. ಸುಸ್ವರ ಮತ್ತು ಸ್ಟೆಲ್ತ್‌ಗಳಲ್ಲೂ ತೂಗುಪಟ್ಟಿಯಿದೆ. ಆದರೆ ಮುಚ್ಚಿದ ಸ್ಟೆಲ್ತ್ ನಮ್ಮ ಬೇಸಿಗೆಯಲ್ಲಿ ಕಿವಿಯನ್ನು ಬೆವರಿಸದೆ ಬಿಡದು. ಎಲ್‌ಸಿಡಿ-5 ಹಗುರವಾಗಿದೆಯಾದರೂ ತೆಳ್ಳನೆಯ ಮೆತ್ತೆ, ಬಿಗಿಯಾದ ಹಿಡಿತ. ಎಲ್‌ಸಿಡಿ-ಎಕ್ಸ್ ಅನ್ನು ಕುತ್ತಿಗೆ ಬಗ್ಗಿಸಿ ಓದುತ್ತ ಕೇಳುವುದು ಶಿಕ್ಷೆಯೇ ಸರಿ.

ನೆಮ್ಮದಿ ನಾದದಿಂದ ಬೇರೆಯಲ್ಲ ಎಂಬುದೇ ಇಲ್ಲಿ ಮುಖ್ಯ. ಹಿಡಿತ ಸಡಿಲವಾದರೆ, ಕನ್ನಡಕದ ಕಡ್ಡಿ ಮೆತ್ತೆಯಡಿ ಸಂದು ಮಾಡಿದರೆ, ಗಾಳಿ ಸೋರಿ ಮಂದ್ರ ಇಳಿಯುತ್ತದೆ. ನೋವಾಯಿತೆಂದು ಹೆಡ್‌ಫೋನನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ತಾರ ಭಾಗದ ಏರಿಳಿತ ಬದಲಾಗುತ್ತದೆ. ಐದು ನಿಮಿಷ ಅಂಗಡಿಯಲ್ಲಿ ಕೇಳಿದ ನಾದ ಬೇರೆ, ಎರಡು ಗಂಟೆ ಕೇಳಿದವನ ತಲೆಯ ಮೇಲಿರುವ ನಾದ ಬೇರೆ.

ಇನ್ನೊಂದು ತೊಡಕೂ ಇದೆ. ನಾವು ಮಟ್ಟ ಸಮ ಮಾಡಿದ ಮೇಲೆ, ಹೆಸರು ತಿಳಿಯದಂತೆ ಪರೀಕ್ಷಿಸೋಣವೆಂದು ನಾನು ಕಣ್ಣು ಮುಚ್ಚಿ ಕುಳಿತೆ. ವಿದ್ಯಾರ್ಥಿ ಹೆಡ್‌ಫೋನ್ ತೊಡಿಸಿದ ಕ್ಷಣವೇ ಯಾವುದೆಂದು ಗೊತ್ತಾಯಿತು. ಕಿವಿಗಿಂತ ಮೊದಲು ಕುತ್ತಿಗೆಯೇ ಹೇಳಿತು! ಗೊತ್ತಾದ ಮೇಲೆ ಬೆಲೆ ನೆನಪಾಗುತ್ತದೆ; ಬೆಲೆ ನೆನಪಾದ ಮೇಲೆ ಕಿವಿ ನಿಷ್ಪಕ್ಷವಾಗಿ ಉಳಿಯುವುದಿಲ್ಲ.

ಸಂಶೋಧಕರಿಗೂ ಈ ತೊಡಕು ಎದುರಾಗಿದೆ. ಹರ್ಮನ್ ಸಂಸ್ಥೆಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ 2012ರಲ್ಲಿ ಆರು ಹೆಡ್‌ಫೋನ್‌ಗಳನ್ನು, ಕೇಳುವವರಿಗೂ ಕೇಳಿಸುವವರಿಗೂ ಗುರುತು ಬಿಟ್ಟುಕೊಡದ ವಿಧಾನದಲ್ಲಿ ಹೋಲಿಸಿದರು. ಜನ ಹೆಚ್ಚು ಮೆಚ್ಚಿದ್ದು ಸ್ವರಸಮತೋಲ ಸಹಜವಾಗಿ, ನಯವಾಗಿ ಇದ್ದವನ್ನು. ತೂಕ ಮತ್ತು ಸ್ಪರ್ಶದ ಪ್ರಭಾವ ತಪ್ಪಿಸಲು ಮರುವರ್ಷ ಅವರ ತಂಡ ಒಂದೇ ಹೆಡ್‌ಫೋನ್‌ನಲ್ಲಿ ಬೇರೆ ಬೇರೆ ಹೆಡ್‌ಫೋನ್‌ಗಳ ಸ್ವರಸಮತೋಲವನ್ನು ಅನುಕರಿಸಿ ಕೇಳಿಸುವ ವಿಧಾನವನ್ನು ಪ್ರಕಟಿಸಿತು. ಹರ್ಮನ್ ಕೂಡ ಹೆಡ್‌ಫೋನ್ ಮಾರುವ ಸಂಸ್ಥೆಯೇ ಎಂಬುದನ್ನು ಮರೆಯಬಾರದು. ಆದರೂ ಅವರ ವಿಧಾನ ಪ್ರಕಟವಾಗಿದೆ, ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು. 2017ರಲ್ಲಿ ಜೆರೂನ್ ಬ್ರೀಬಾರ್ಟ್ 283 ಹೆಡ್‌ಫೋನ್‌ಗಳ ಅಳತೆಗಳನ್ನು ಪರಿಶೀಲಿಸಿ, ಚಿಲ್ಲರೆ ಬೆಲೆಗೂ ಆವೃತ್ತಿಗೆ ತಕ್ಕ ವರ್ತನೆಗೂ ಸಂಬಂಧ ಕಾಣುವುದಿಲ್ಲ ಎಂದು ತೋರಿಸಿದರು. ನನ್ನ ವಿದ್ಯಾರ್ಥಿಯ ಮೂರು ತಿಂಗಳ ಸಂಬಳದ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ನೀವೇ ಮಾಡಿ ನೋಡಿ

ಹೋಲಿಕೆಗೆ ದೊಡ್ಡ ಪ್ರಯೋಗಾಲಯ ಬೇಡ. ಕಿವಿಮೆತ್ತೆಗಿಂತ ದೊಡ್ಡದಾದ ದಪ್ಪ ರಟ್ಟಿನ ಬಿಲ್ಲೆ ಕತ್ತರಿಸಿ. ನಡುವೆ ತೂತು ಮಾಡಿ, ಫೋನಿನ ಮೈಕ್ ಆ ತೂತಿಗೆ ಸರಿಯಾಗಿ ಕೂರುವಂತೆ ಇಟ್ಟು ಸುತ್ತ ಜೇಡಿಮಣ್ಣಿನಿಂದ ಸಂದು ಮುಚ್ಚಿ. ಹೆಡ್‌ಫೋನ್‌ನ ಒಂದು ಬಟ್ಟಲನ್ನು ರಟ್ಟಿನ ಮೇಲೆ ಒತ್ತಿಡಿ. 500 ಹರ್ಟ್ಸ್ ಸ್ವರವೊಂದನ್ನು ನುಡಿಸಿ, ಶಬ್ದಮಟ್ಟ ತೋರಿಸುವ ಆ್ಯಪ್‌ನಲ್ಲಿ ಅಂಕಿ ಗುರುತಿಸಿ. ಎರಡನೆಯ ಹೆಡ್‌ಫೋನ್‌ಗೂ ಅದೇ ಅಂಕಿ ಬರುವಂತೆ ಗುಂಡಿ ತಿರುಗಿಸಿ, ಜಾಗ ಗುರುತು ಹಾಕಿಕೊಳ್ಳಿ. ಆ್ಯಪ್‌ನ ಅಂಕಿ ನಿಖರವಾಗಿರದಿದ್ದರೂ ಚಿಂತೆಯಿಲ್ಲ. ನಮಗೆ ಬೇಕಾದದ್ದು ಎರಡರ ಸಮತೆ ಮಾತ್ರ. ಬಳಿಕ ಒಂದೊಂದನ್ನೂ ಕನಿಷ್ಠ ಒಂದು ಗಂಟೆ ಧರಿಸಿ. ನಾದಕ್ಕೊಂದು, ನೆಮ್ಮದಿಗೊಂದು ಬೇರೆ ಬೇರೆ ಅಂಕ ಬರೆಯಿರಿ. ಬೆಲೆಯನ್ನು ಕೊನೆಗೆ ನೋಡಿ.

ಮಟ್ಟದ ಬಗ್ಗೆ ಒಂದು ಎಚ್ಚರಿಕೆಯೂ ಅಗತ್ಯ. ವಾರಕ್ಕೆ 40 ಗಂಟೆ ಕೇಳುವ ವಯಸ್ಕರಿಗೆ 80 ಡೆಸಿಬೆಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಕಾಲಾವಧಿ ಅರ್ಧವಾಗುತ್ತದೆ. 90 ಡೆಸಿಬೆಲ್‌ಗೆ ವಾರಕ್ಕೆ ನಾಲ್ಕೇ ಗಂಟೆ. ಹಿಂಬದಿ ತೆರೆದ ಹೆಡ್‌ಫೋನ್‌ಗಳು ಹೊರಗಿನ ಸದ್ದನ್ನು ತಡೆಯುವುದಿಲ್ಲ. ಗದ್ದಲದಲ್ಲಿ ಅವನ್ನು ಬಳಸಿ ಜೋರು ಏರಿಸಿದರೆ ಹೋಗುವುದು ಕಿವಿ. ಅದನ್ನು ಯಾವ ಬೆಲೆಗೂ ಮತ್ತೆ ಕೊಳ್ಳಲಾಗದು.

ನನ್ನ ವಿದ್ಯಾರ್ಥಿ ಎರಡರಲ್ಲಿ ಯಾವುದನ್ನೂ ಕೊಳ್ಳಲಿಲ್ಲ. ಹೈಫೈಮ್ಯಾನ್ ಸುಂದರ ಎಂಬ 372 ಗ್ರಾಂನ ಸಮತಲ ಹೆಡ್‌ಫೋನ್ ಕೊಂಡ. ಅದು ಬಿಡುಗಡೆಯಾದಾಗ ಅದರ ಬೆಲೆ 500 ಡಾಲರಿನ ಆಸುಪಾಸಿನಲ್ಲಿತ್ತು. ಸಮತಲ ರಚನೆಯ ಮೂರು ನಿಜ ಲಾಭಗಳು ಅದರಲ್ಲೂ ಇವೆ. ನಾದದ ಏರುಪೇರನ್ನು ಫೋನಿನ ಸಮತೋಲಕದಲ್ಲೇ ತಿದ್ದಿಕೊಂಡ. ವಿರೂಪಣೆ ಕಡಿಮೆಯಿರುವುದರಿಂದ ಮಂದ್ರವನ್ನು ಏರಿಸಿದರೂ ಅದು ಕೆಡುವುದಿಲ್ಲ. ಈಚೆಗೆ ಫೋನ್ ಮಾಡಿದಾಗ, "ಸರ್, ರಟ್ಟಿನ ಬಿಲ್ಲೆ ಇನ್ನೂ ಇಟ್ಟುಕೊಂಡಿದ್ದೀನಿ" ಎಂದ. ಅಂದು ಅವನು ಆ ಪ್ರಶ್ನೆ ಕೇಳದಿದ್ದರೆ, ನಾನು ಕೊಟ್ಟ ತಪ್ಪು ತೀರ್ಪಿಗೆ ಅವನು ಮೂರು ತಿಂಗಳು ದುಡಿಯಬೇಕಾಗುತ್ತಿತ್ತು.